ಶುಕ್ಲ ಪಕ್ಷ ಕಾಯೋದಾ, ಮಣ್ಣಿನ ಹದ ನೋಡೋದಾ?

ಪ್ರಶ್ನೆ: ನಮ್ಮನೆ ಕಾರವಾರದ ಹತ್ರ, ಕಾಳಿ ನದಿ ದಂಡೆಯಿಂದ ಸ್ವಲ್ಪ ಒಳಗೆ. ಹಿತ್ತಲು ಎರಡು ಗುಂಟೆ ಇದೆ. ನಮ್ಮತ್ತೆ ಹೇಳೋದು ಬಳ್ಳಿ ತರಕಾರಿ, ಸೊಪ್ಪು ಎಲ್ಲ ಶುಕ್ಲ ಪಕ್ಷದಲ್ಲೇ ಹಾಕ್ಬೇಕು, ಗೆಡ್ಡೆ ಜಾತಿ ಕೃಷ್ಣ ಪಕ್ಷದಲ್ಲಿ, ಅಮಾವಾಸ್ಯೆ ದಿನ ಮಣ್ಣೇ ಮುಟ್ಬಾರ್ದು ಅಂತ. 2025ರ ಮೇ ತಿಂಗಳಲ್ಲಿ ನಾಲ್ಕು ಮಳೆ ಬಿದ್ದಾಗ ಬೀಜ ಹಾಕೋಣ ಅಂದ್ರೆ ಕೃಷ್ಣ ಪಕ್ಷ ಅಂತ ಬೇಡ ಅಂದ್ರು. ಅಮಾವಾಸ್ಯೆ ಕಳೆದು ಪಂಚಮಿ ನೋಡಿ ಹಾಕಿದ್ವಿ. ಮೊಗೆಕಾಯಿ, ಹೀರೆ, ಬೆಂಡೆ ಒಂದೂ ಏಳಲಿಲ್ಲ. ಚಂದ್ರನ ಲೆಕ್ಕ ನಿಜಾನಾ? ನಿಜ ಆದ್ರೆ ನಮ್ಗೆ ಯಾಕೆ ಹೀಗಾಯ್ತು? ಇನ್ನೊಂದು, ಚಪ್ಪರಕ್ಕೆ ಬಿದಿರು ಅಮಾವಾಸ್ಯೆ ದಿನಾನೇ ಕಡಿಬೇಕಾ?

ಉತ್ತರ: ಅಕ್ಕಾ, ಮೊದಲು ನಿಮ್ಮ ಬೀಜ ಯಾಕೆ ಏಳಲಿಲ್ಲ ಅನ್ನೋದನ್ನ ಹೇಳಿಬಿಡ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ. 2025ರಲ್ಲಿ ಹುಣ್ಣಿಮೆ ಮೇ 12ಕ್ಕೆ ಆಯ್ತು, ಅಮಾವಾಸ್ಯೆ ಮೇ 27ಕ್ಕೆ. ಆ ಹದಿನೈದು ದಿನ ಕೃಷ್ಣ ಪಕ್ಷ, ನೀವು ಕಾದಿದ್ದು ಅದೇ ದಿನಗಳು. ಆದ್ರೆ ಆ ವರ್ಷ ಮುಂಗಾರು ಜೂನ್ 1ರ ತನಕ ಕಾಯ್ಲೇ ಇಲ್ಲ, ಮೇ 24ಕ್ಕೇ ಕೇರಳಕ್ಕೆ ಬಂತು, ಬೆನ್ನಿಗೇ ನಮ್ಮ ಕರಾವಳಿಗೂ ಬಂತು. ನೀವು ಪಂಚಮಿ ನೋಡಿ ಬೀಜ ಊರೋ ಹೊತ್ತಿಗೆ ಮಣ್ಣು ಕೆಸರು. ಮುಂಗಾರಿಗೂ ಮುಂಚೆ, ಆ ಮೊದಲ ಮಳೆ ಬಿದ್ದು ಎರಡು ದಿನ ಬಿಸಿಲು ಬಂದಾಗ ಹಾಕಿದ್ರೆ, ಜಡಿಮಳೆ ಶುರುವಾಗೋ ಹೊತ್ತಿಗೆ ಎರಡೆಲೆ ಬಿಟ್ಟ ಸಸಿ ಆಗಿರ್ತಿತ್ತು. ತಿಥಿ ಸರಿ ಇತ್ತು, ಹದ ತಪ್ಪಿತ್ತು. ಅಷ್ಟೇ ಆಗಿದ್ದು.

ಬೀಜಕ್ಕೆ ನೀರು ಬೇಕು ಅಂತ ಎಲ್ಲರಿಗೂ ಗೊತ್ತು, ಬೀಜಕ್ಕೆ ಗಾಳೀನೂ ಬೇಕು ಅನ್ನೋದನ್ನ ಮರೀತೀವಿ. ಮೊಳಕೆ ಬರೋ ಮೂರ್ನಾಲ್ಕು ದಿನ ಬೀಜ ಜೋರಾಗಿ ಉಸಿರಾಡುತ್ತೆ. ಮಣ್ಣಿನ ಸಂದಿಯಲ್ಲೆಲ್ಲ ನೀರು ತುಂಬಿದ್ರೆ ಉಸಿರು ಕಟ್ಟುತ್ತೆ, ಆಮೇಲೆ ಪಿಥಿಯಂ ಥರದ ಬೂಷ್ಟು ಬಂದು ಮುಗಿಸಿಬಿಡುತ್ತೆ. ನೀವು ಬೀಜ ಊರಿದ ಜಾಗ ಬೆರಳಲ್ಲಿ ಕೆದಕಿ ನೋಡಿದ್ರೆ ಗೊತ್ತಾಗ್ತಿತ್ತು, ಮೊಗೆಕಾಯಿ ಬೀಜ ಹೊರಗಿಂದ ಹಾಗೇ ಇರುತ್ತೆ, ಎರಡು ಬೆರಳ ಮಧ್ಯ ಒತ್ತಿದ್ರೆ ಒಳಗಿಂದ ಬಿಳಿ ಗಂಜಿ ಥರ ಹೊರಗೆ ಬರುತ್ತೆ, ಹುಳಿ ವಾಸನೆ. ನಾನು ತೋಟಗಾರಿಕೆ ಕೆಲಸ ಶುರು ಮಾಡಿ ಇಪ್ಪತ್ತೆಂಟು ವರ್ಷ ಆಯ್ತು, ಸಿರ್ಸಿ ಕಡೆ, ಕುಮಟಾ-ಅಂಕೋಲಾ ಕಡೆ ಎಷ್ಟು ಹಿತ್ತಲಲ್ಲಿ ಕೂತು ಇದನ್ನ ಕೆದಕಿ ತೋರಿಸಿದೀನೋ ಲೆಕ್ಕ ಇಲ್ಲ. ಬಯಲುಸೀಮೆ ಕಡೆ ಬೀಜ ನೀರಿಲ್ದೆ ಸಾಯುತ್ತೆ, ಚಳಿ ದೇಶದಲ್ಲಿ ತಂಪಿಗೆ ಸಾಯುತ್ತೆ, ನಮ್ಮ ಕರಾವಳಿಯಲ್ಲಿ ಮಾತ್ರ ಉಸಿರುಕಟ್ಟಿ ಸಾಯೋದೇ ಹೆಚ್ಚು.

ಈಗ ಚಂದ್ರನ ವಿಚಾರಕ್ಕೆ ಬರೋಣ. ನಿಮ್ಮತ್ತೆ ಹೇಳಿದ್ದು ಅವರೊಬ್ಬರ ಮಾತಲ್ಲ, ಬೆಳೆಯೋ ಚಂದ್ರನ ಜೊತೆ ಮೇಲೆ ಬೆಳೆಯೋ ಗಿಡ, ಕರಗೋ ಚಂದ್ರನ ಜೊತೆ ನೆಲದೊಳಗೆ ಇಳಿಯೋ ಗೆಡ್ಡೆ, ಇದು ನಮ್ಮಲ್ಲೂ ಇದೆ, ಯುರೋಪಿನ ಹಳ್ಳಿಗಳಲ್ಲೂ ಇದೆ. ಜರ್ಮನಿಯಲ್ಲಿ ಮರಿಯಾ ಥುನ್ ಅನ್ನೋ ಹೆಂಗಸು ಇದನ್ನ ಇನ್ನೂ ಮುಂದೆ ತಗೊಂಡು ಹೋಗಿ, ಚಂದ್ರ ಯಾವ ರಾಶಿಯಲ್ಲಿದ್ದಾನೆ ನೋಡಿ ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ ಅಂತ ಕ್ಯಾಲೆಂಡರೇ ಮಾಡಿದ್ರು, 1960ರ ದಶಕದಿಂದ ಅದು ವರ್ಷ ವರ್ಷ ಪ್ರಿಂಟ್ ಆಗ್ತಾ ಬಂದಿದೆ. ಅದಕ್ಕೆ ಬುಡ ರುಡಾಲ್ಫ್ ಸ್ಟೈನರ್ 1924ರಲ್ಲಿ ಕೃಷಿ ಬಗ್ಗೆ ಕೊಟ್ಟ ಉಪನ್ಯಾಸಗಳು. ಈಗ ಯೂಟ್ಯೂಬಲ್ಲಿ ಕನ್ನಡದಲ್ಲೂ ಬರೋ ಜಲರಾಶಿ, ಅಗ್ನಿರಾಶಿ ಅನ್ನೋ ಬಿತ್ತನೆ ಲೆಕ್ಕ ಸುಮಾರಾಗಿ ಅದರದ್ದೇ ಮರಿ. ನಮ್ಮ ಅಜ್ಜಿಯರ ಲೆಕ್ಕ ಅದಲ್ಲ, ಎರಡನ್ನೂ ಕಲಸಬೇಡಿ.

ಇದರಲ್ಲಿ ಸತ್ಯ ಎಷ್ಟು? 2020ರಲ್ಲಿ ಸ್ಪೇನಿನ ಸಂಶೋಧಕರು ಚಂದ್ರ ಮತ್ತು ಗಿಡದ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಭೌತಶಾಸ್ತ್ರ, ಜೀವಶಾಸ್ತ್ರದ ಸಾಹಿತ್ಯ ಎಲ್ಲ ಸೇರಿಸಿ ನೋಡಿದ್ರು, ಬಿತ್ತನೆ ದಿನ ಚಂದ್ರನ ಕಲೆ ನೋಡಿ ಆರಿಸೋದಕ್ಕೆ ನಂಬೋ ಅಂಥ ಪುರಾವೆ ಸಿಕ್ಕಿಲ್ಲ ಅಂತ ಬರೆದ್ರು. ನನ್ನ ಅನುಭವಾನೂ ಅದೇ. ಆದ್ರೆ ಬರೀ ಇಷ್ಟು ಹೇಳಿದ್ರೆ ನಿಮ್ಮತ್ತೆಗೆ ಸಮಾಧಾನ ಆಗಲ್ಲ, ಆಗ್ಲೂಬಾರ್ದು. ಅವರು ಖಂಡಿತ ಕೇಳ್ತಾರೆ, ಚಂದ್ರ ಸಮುದ್ರಾನೇ ಎತ್ತಿ ಇಳಿಸ್ತಾನೆ, ಅಂಥದ್ರಲ್ಲಿ ಗಿಡದೊಳಗಿನ ರಸ ಯಾವ ಲೆಕ್ಕ ಅಂತ. ಕಾರವಾರದಲ್ಲಿ ಇರೋರು ಈ ಪ್ರಶ್ನೆ ಕೇಳಲೇಬೇಕು, ದಿನಾ ಕಣ್ಣೆದುರಿಗೆ ನೋಡ್ತಾರಲ್ಲ.

ಉಬ್ಬರ ಬರೋದು ಸಮುದ್ರ ಅಷ್ಟು ದೊಡ್ಡದಿರೋದ್ರಿಂದ. ಚಂದ್ರ ತನಗೆ ಹತ್ತಿರದ ಬದಿಯನ್ನ ಭೂಮಿಯ ನಡುವಿಗಿಂತ ಚೂರು ಜಾಸ್ತಿ ಸೆಳೀತಾನೆ, ಆ ವ್ಯತ್ಯಾಸ ಭೂಮಿಯ ಸೆಳೆತದ ಸುಮಾರು ಒಂದು ಕೋಟಿಯಲ್ಲಿ ಒಂದು ಪಾಲು. ಸಾವಿರಾರು ಕಿಲೋಮೀಟರ್ ಉದ್ದಗಲದ ನೀರಿಗೆ ಆ ಚೂರು ಸೆಳೆತ ಸೇರಿ ಸೇರಿ ದಂಡೆಗೆ ಬರೋ ಹೊತ್ತಿಗೆ ಎರಡು ಮೀಟರ್ ಆಸುಪಾಸು ಏರಿಳಿತ ಆಗುತ್ತೆ. ಸಿರ್ಸಿ ಕೋಟೆಕೆರೆ ನೋಡಿ, ಎಷ್ಟು ನೀರಿದೆ ಅದರಲ್ಲಿ, ಹುಣ್ಣಿಮೆಗೆ ಒಂದು ಬೆರಳು ಏರಿದ್ದು ಯಾರಾದ್ರೂ ನೋಡಿದ್ದಾರಾ? ಕೆರೆಗೇ ಇಲ್ಲದ ಉಬ್ಬರ ಬೆಂಡೆಗಿಡದ ದಂಟಿಗೆ ಎಲ್ಲಿಂದ ಬರಬೇಕು. ಗಿಡದಲ್ಲಿ ನೀರು ಏರೋದು ಎಲೆಯಿಂದ ಆವಿ ಹೋದಾಗ ಹುಟ್ಟೋ ಎಳೆತದಿಂದ, ಅದು ಬಿಸಿಲು, ಗಾಳಿ ನೋಡಿ ಏರುತ್ತೆ ಇಳಿಯುತ್ತೆ.

ಇನ್ನೊಂದು ಮಾತು ನಿಮ್ಮೂರಿನ ಮೀನುಗಾರರನ್ನೇ ಕೇಳಿ. ದೊಡ್ಡ ಭರತ, ಅಂದ್ರೆ ದೊಡ್ಡ ಉಬ್ಬರ, ಹುಣ್ಣಿಮೆಗೂ ಬರುತ್ತೆ, ಅಮಾವಾಸ್ಯೆಗೂ ಬರುತ್ತೆ. ಅಷ್ಟಮಿ ನವಮಿ ಹೊತ್ತಿಗೆ ಏರಿಳಿತ ಕಡಿಮೆ. ಅಂದ್ರೆ ಸಮುದ್ರದ ಲೆಕ್ಕದಲ್ಲಿ ಹುಣ್ಣಿಮೆ, ಅಮಾವಾಸ್ಯೆ ಎರಡೂ ಅಣ್ಣತಮ್ಮ ಇದ್ದ ಹಾಗೆ. ಉಬ್ಬರದ ಥರ ರಸ ಏರುತ್ತೆ ಅನ್ನೋದಾದ್ರೆ ಎರಡೂ ದಿನ ಏರಬೇಕಿತ್ತು, ಶುಕ್ಲ ಪಕ್ಷಕ್ಕೆ ಏರಿ ಕೃಷ್ಣ ಪಕ್ಷಕ್ಕೆ ಇಳಿಯೋದು ಹೇಗೆ? ನನಗೆ ಈ ಒಂದು ವಿಷಯ ಹೊಳೆದ ಮೇಲೆ ಮತ್ತೆ ಅನುಮಾನ ಉಳೀಲಿಲ್ಲ.

ಬೆಳದಿಂಗಳಿಂದ ಗಿಡ ಬೆಳೆಯುತ್ತೆ ಅಂತಾನೂ ಕೆಲವರು ಹೇಳ್ತಾರೆ. ಹುಣ್ಣಿಮೆ ಬೆಳಕು ಸೂರ್ಯನ ಬೆಳಕಿನ ನಾಲ್ಕು ಲಕ್ಷದಲ್ಲಿ ಒಂದು ಪಾಲಷ್ಟೇ, ಅದರಲ್ಲಿ ಎಲೆ ಊಟ ಮಾಡ್ಕೊಳ್ಳೋಕೆ ಆಗಲ್ಲ, ಅದೂ ಅಲ್ದೆ ಆಷಾಢದಲ್ಲಿ ನಮ್ಮ ಕಡೆ ಚಂದ್ರ ಕಾಣೋದೇ ಯಾವಾಗ.

ಹಾಗಾದ್ರೆ ಹಿಂದಿನವರು ಸುಮ್ನೆ ಹೇಳಿದ್ರಾ? ಇಲ್ಲ. ಇಲ್ಲಿ ಒಂದು ವಿಷಯ ನಾವೆಲ್ಲ ಮರೆತಿದ್ದೀವಿ, ಅದನ್ನ ನಾನು ಎಲ್ಲಿ ಹೋದ್ರೂ ಹೇಳ್ತೀನಿ. ನಮ್ಮ ರೈತರು ಬೇಸಾಯಕ್ಕೆ ನಿಜವಾಗಿ ಇಟ್ಕೊಂಡಿದ್ದ ಪಂಚಾಂಗ ಚಂದ್ರಂದಲ್ಲ, ಸೂರ್ಯಂದು. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಅಂತೀವಲ್ಲ, ಅದು ಸೂರ್ಯ ಆಯಾ ನಕ್ಷತ್ರದಲ್ಲಿ ಇರೋ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ, ಪ್ರತಿ ವರ್ಷ ಅದೇ ತಾರೀಕು, ಒಂದು ದಿನ ಆಚೆ ಈಚೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಅನ್ನೋ ಗಾದೆ ಹುಟ್ಟಿದ್ದು ಈ ಲೆಕ್ಕದಲ್ಲಿ. ತಿಥಿ ಲೆಕ್ಕದಲ್ಲಿ ಗಾದೆ ಕಟ್ಟೋಕೆ ಆಗ್ತಿರ್ಲಿಲ್ಲ, ಯಾಕಂದ್ರೆ ತಿಥಿ ಋತುವಿನ ಜೊತೆ ನಿಲ್ಲಲ್ಲ. ಚಾಂದ್ರಮಾನ ವರ್ಷ 354 ದಿನ, ಹನ್ನೊಂದು ದಿನ ಪ್ರತಿ ವರ್ಷ ಹಿಂದೆ ಸರೀತಾ ಹೋಗುತ್ತೆ, ಮಧ್ಯ ಅಧಿಕ ಮಾಸ ಬಂದು ಸರಿ ಮಾಡುತ್ತೆ. ನಾಗರ ಪಂಚಮಿ ನೋಡಿ, 2022ರಲ್ಲಿ ಆಗಸ್ಟ್ 2, 2023ರಲ್ಲಿ ಅಧಿಕ ಶ್ರಾವಣ ಬಂದು ಆಗಸ್ಟ್ 21, 2024ರಲ್ಲಿ ಆಗಸ್ಟ್ 9. ಅದೇ ತಿಥಿ, ಹತ್ತೊಂಬತ್ತು ದಿನ ಅಂತರ. ಒಂದು ವರ್ಷ ಆಶ್ಲೇಷ ಶುರುವಾಗೋ ಹೊತ್ತು, ಇನ್ನೊಂದು ವರ್ಷ ಮಘೆ ನಡೀತಾ ಇತ್ತು. ಹಬ್ಬಕ್ಕೆ ಏನೂ ತೊಂದ್ರೆ ಇಲ್ಲ, ಬೀಜಕ್ಕೆ ಹತ್ತೊಂಬತ್ತು ದಿನ ಅಂದ್ರೆ ಇಡೀ ಬೆಳೆಯ ಕಥೆ.

ಹಾಗಾಗಿ ಅಜ್ಜಿಯರ ಕ್ರಮದಲ್ಲಿ ಮೊದಲು ಬರ್ತಿದ್ದದ್ದು ಮಳೆ ನಕ್ಷತ್ರ, ಆಮೇಲೆ ಹದ, ಕೊನೆಗೆ ತಿಥಿ ವಾರ. ರೋಹಿಣಿಯಲ್ಲಿ ಹದ ಬಂತು ಅಂದ್ರೆ ಆ ಎರಡು ಮೂರು ದಿನದಲ್ಲಿ ಒಳ್ಳೇ ದಿನ ಯಾವ್ದು ಅಂತ ನೋಡೋರು. ನಮ್ಮನೇಲಿ ಅಪ್ಪ ಮಾಡ್ತಿದ್ದದ್ದು ನೆನಪಿದೆ, ತಿಥಿ ಸರಿ ಬರದೆ ಇದ್ರೆ ಮುಹೂರ್ತಕ್ಕೆ ಅಂತ ಮೊದ್ಲೇ ಒಂದು ಒಳ್ಳೇ ದಿನ ನಾಲ್ಕು ಬೀಜ ದೇವರ ಮುಂದೆ ಇಟ್ಟು ತುಳಸಿ ಕಟ್ಟೆ ಪಕ್ಕ ಊರಿಬಿಡೋರು, ಬೀಜ ಹಾಕಿದ ಶಾಸ್ತ್ರ ಅಲ್ಲಿಗೆ ಆಯ್ತು, ಉಳಿದದ್ದು ಹದ ಬಂದ ದಿನ. ನೀವೂ ಹೀಗೇ ಮಾಡಿ. ಅತ್ತೆ ಮನಸ್ಸೂ ನೋಯಲ್ಲ, ಬೀಜಾನೂ ಉಳಿಯುತ್ತೆ. ಬರೀ ತಿಥಿ ಮುಂದಕ್ಕೆ ಬಂದು ಹದ ಹಿಂದಕ್ಕೆ ಹೋಗಿದ್ದು ಈಚೆಗೆ, ಗೋಡೆ ಕ್ಯಾಲೆಂಡರ್ ನೋಡೋದು ಸುಲಭ, ಮಣ್ಣು ಮುಟ್ಟಿ ನೋಡೋದು ಕಷ್ಟ.

ಹದ ನೋಡೋದು ಹೇಗೆ ಅಂತ ಹೇಳ್ತೀನಿ, ಇದು ಒಂದು ಕಲಿತ್ರೆ ಸಾಕು. ಮೇಲಿನ ಮಣ್ಣು ಸರಿಸಿ ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೀರಿ. ಮುಷ್ಟಿ ಕಟ್ಟಿ ಒತ್ತಿ, ಕೈ ಬಿಚ್ಚಿ. ಉಂಡೆ ಆಗದೆ ಉದುರಿದ್ರೆ ಇನ್ನೂ ಒಣ, ಕಾಯಿರಿ. ಉಂಡೆ ಆಯ್ತು, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಬಿರುಕು ಬಿಟ್ಟು ಎರಡು ಮೂರು ತುಂಡಾಯ್ತು, ಕೈಗೆ ಅಂಟಲಿಲ್ಲ, ಅದೇ ಹದ, ಅವತ್ತೇ ಬೀಜ ಹಾಕಿ. ಒತ್ತಿದ್ರೆ ಚಪ್ಪಟೆ ಆಗಿ ಬೆರಳ ಗುರುತು ಹೊಳೆಯೋ ಹಾಗೆ ಮೂಡಿದ್ರೆ, ಕೈ ಗೆರೆಗಳಲ್ಲಿ ನೀರು ನಿಂತ್ರೆ, ಆ ಮಣ್ಣು ಮುಟ್ಟೋಕೇ ಹೋಗ್ಬೇಡಿ, ಅವತ್ತು ದಶಮಿ ಇರಲಿ ಏಕಾದಶಿ ಇರಲಿ. ಹಸಿ ಮಣ್ಣು ಅಗೆದ್ರೆ ಒಣಗಿದ ಮೇಲೆ ಇಟ್ಟಿಗೆ ಆಗುತ್ತೆ, ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಂತೂ ಇನ್ನೂ ಬೇಗ.

ಹದ ಸಿಗಲೇ ಇಲ್ಲ, ಮಳೆ ಹಿಡಿದೇಬಿಡ್ತು ಅನ್ನೋ ವರ್ಷಕ್ಕೂ ದಾರಿ ಇದೆ. ಅಡಿಕೆ ಹಾಳೆಯ ಕೊಟ್ಟೆ ಮಾಡಿ, ಇಲ್ಲ ತೆಂಗಿನ ಕರಟಕ್ಕೆ ತಳದಲ್ಲಿ ತೂತು ಮಾಡಿ, ಅರ್ಧ ಮಣ್ಣು ಅರ್ಧ ಹಳೇ ಕೊಟ್ಟಿಗೆ ಗೊಬ್ಬರ ತುಂಬಿ ಜಗುಲಿ ಮೇಲೆ ಸಾಲಾಗಿ ಇಡಿ. ಮೊಗೆಕಾಯಿ, ಹೀರೆ, ಪಡವಲ, ಹಾಗಲ ಇವೆಲ್ಲ ಅದರಲ್ಲಿ ಚೆನ್ನಾಗಿ ಏಳುತ್ತೆ. ಎರಡನೇ ಎಲೆ ಬಂದಾಗ ಹಾಳೆ ಸಮೇತ ಇಳಿಸಿಬಿಡಿ, ಬೇರು ಅಲುಗಾಡಲ್ಲ. ಇಳಿಸೋ ಜಾಗ ಮಾತ್ರ ಒಂದು ಅಡಿ ಎತ್ತರದ ದಿಬ್ಬ ಇರ್ಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಊರಲ್ಲಿ ಸಮತಟ್ಟು ಮಡಿಯಲ್ಲಿ ಮಳೆಗಾಲದ ತರಕಾರಿ ಅಂದ್ರೆ ಅದು ಬರೀ ಅದೃಷ್ಟ.

ಇಷ್ಟು ಹೇಳಿದ ಮೇಲೆ ಚಂದ್ರನನ್ನ ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳಲ್ಲ, ವಿಶೇಷವಾಗಿ ನಿಮಗೆ. ನದಿ ದಂಡೆಯಿಂದ ಸ್ವಲ್ಪ ಒಳಗೆ ಅಂದ್ರಲ್ಲ, ಅದು ಕಾಳಿ ಸಮುದ್ರ ಸೇರೋ ಕಡೆ, ಅಂದ್ರೆ ಭರತದ ನೀರು ನದಿಯೊಳಗೆ ಬರೋ ಜಾಗ. ಬೇಸಿಗೆಯಲ್ಲಿ ಮೇಲಿಂದ ಸಿಹಿನೀರು ಕಡಿಮೆ ಆಗಿರುತ್ತೆ, ಏಪ್ರಿಲ್ ಮೇ ತಿಂಗಳ ಹುಣ್ಣಿಮೆ ಅಮಾವಾಸ್ಯೆಗಳ ಭರತಕ್ಕೆ ಉಪ್ಪು ನೀರು ಜಾಸ್ತಿ ಒಳಗೆ ಬರುತ್ತೆ, ತಗ್ಗಿನ ಹಿತ್ತಲಿಗೆ ಜಿನುಗುತ್ತೆ, ಬಾವಿ ನೀರೂ ಸ್ವಲ್ಪ ಉಪ್ಪಾಗುತ್ತೆ. ಅತಿ ದೊಡ್ಡ ಭರತ ಸಾಮಾನ್ಯವಾಗಿ ಹುಣ್ಣಿಮೆ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ. ಆ ದಿನಗಳಲ್ಲಿ ಬಾವಿ ನೀರು ನಾಲಿಗೆಗೆ ಇಟ್ಟು ನೋಡಿ, ಉಪ್ಪು ಅನ್ನಿಸಿದ್ರೆ ಎಳೆ ಸಸಿಗೆ ಹಾಕ್ಬೇಡಿ. ಬೀನ್ಸ್ ಥರದ ಬೆಳೆಗೆ ಉಪ್ಪು ಆಗಲ್ಲ, ಎಲೆ ಅಂಚು ಸುಟ್ಟ ಹಾಗೆ ಆಗುತ್ತೆ, ಜನ ಅದನ್ನ ರೋಗ ಅಂತ ಔಷಧಿ ಹೊಡೀತಾರೆ. ಸಿರ್ಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಒಂದು ಸಲ ಮಣ್ಣು, ನೀರು ಎರಡೂ ಟೆಸ್ಟ್ ಮಾಡಿಸ್ಕೊಳ್ಳಿ, ಏಪ್ರಿಲ್ ಕೊನೆಯ ನೀರನ್ನೇ ಕೊಡಿ.

ಕುಮಟಾ ಕಡೆ ಅಘನಾಶಿನಿ ನದಿ ದಂಡೆಯ ಗಜನಿ ಗದ್ದೆ, ಅಂದ್ರೆ ಉಪ್ಪುನೀರು ಬರೋ ತಗ್ಗಿನ ಗದ್ದೆ, ನೋಡಿದ್ರೆ ಚಂದ್ರನ ಬೇಸಾಯ ಅಂದ್ರೆ ಏನು ಅಂತ ಗೊತ್ತಾಗುತ್ತೆ. ಅಲ್ಲಿ ಕಗ್ಗ ಅನ್ನೋ ಭತ್ತ ಇದೆ, ಉಪ್ಪು ತಡ್ಕೊಳ್ಳುತ್ತೆ, ನೀರಲ್ಲಿ ಮುಳುಗಿದ್ರೂ ತಡ್ಕೊಳ್ಳುತ್ತೆ. ಕಟ್ಟು ಹಾಕಿ, ಹಲಗೆ ಬಾಗಿಲಿಟ್ಟು, ಭರತದ ನೀರು ಯಾವಾಗ ಒಳಗೆ ಬಿಡಬೇಕು ಯಾವಾಗ ತಡೀಬೇಕು ಅನ್ನೋದು ಪೂರ್ತಿ ತಿಥಿ ಮೇಲೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಆದ್ರೆ ಅದೇ ಗಜನಿ ರೈತರು ಕಗ್ಗ ಬಿತ್ತೋದು ಯಾವಾಗ ಗೊತ್ತಾ, ಮುಂಗಾರು ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ. ನೀರಿನ ಬಾಗಿಲಿಗೆ ಚಂದ್ರ, ಬೀಜಕ್ಕೆ ಮಳೆ. ಇಷ್ಟು ಸ್ಪಷ್ಟವಾಗಿ ಎರಡನ್ನೂ ಬೇರೆ ಮಾಡಿ ಇಟ್ಕೊಂಡವರನ್ನ ನಾನು ಬೇರೆ ಎಲ್ಲೂ ನೋಡಿಲ್ಲ.

ಚಂದ್ರ ಲೆಕ್ಕಕ್ಕೆ ಬರೋ ಇನ್ನೊಂದು ಜಾಗ ಹುಳ. ಕತ್ತಲೆ ರಾತ್ರಿ ದೀಪದ ಬಲೆ ಇಟ್ರೆ ಪತಂಗ ಜಾಸ್ತಿ ಬೀಳುತ್ತೆ, ಹುಣ್ಣಿಮೆ ಸುತ್ತ ಕಡಿಮೆ. ದೀಪದ ಬಲೆ ಇಡೋರು ಹುಣ್ಣಿಮೆ ವಾರದಲ್ಲಿ ಬಲೆ ಖಾಲಿ ಇದೆ ಅಂತ ಹುಳ ಹೋಯ್ತು ಅಂದ್ಕೋಬೇಡಿ.

ಇಷ್ಟಾದ್ಮೇಲೂ ಅತ್ತೆಗೂ ನಿಮಗೂ ಕುತೂಹಲ ಇದ್ರೆ, ನಿಮ್ಮ ಹಿತ್ತಲಲ್ಲೇ ಪರೀಕ್ಷೆ ಮಾಡಿ, ನನ್ನ ಮಾತೂ ಬೇಡ ಯೂಟ್ಯೂಬೂ ಬೇಡ. ಮೇ ಜೂನಲ್ಲಿ ಮಾಡ್ಬೇಡಿ, ಹದಿನೈದು ದಿನದಲ್ಲಿ ಹವಾಮಾನ ಪೂರ್ತಿ ಬೇರೆ ಆಗುತ್ತೆ, ಗೆದ್ದದ್ದು ಚಂದ್ರನೋ ಮಳೆಯೋ ತಿಳಿಯಲ್ಲ. ಡಿಸೆಂಬರ್, ಜನವರಿ ಒಳ್ಳೇದು, ಮಳೆ ಇಲ್ಲ, ಬಿಸಿಲು ದಿನಾ ಒಂದೇ ಥರ, ನೀರು ನಿಮ್ಮ ಕೈಲಿ. ಕೆಂಪು ಹರಿವೆ ಮತ್ತು ಮೂಲಂಗಿ ತಗೊಳ್ಳಿ, ಹರಿವೆ ಒಂದು ತಿಂಗಳಲ್ಲಿ, ಮೂಲಂಗಿ ಒಂದೂವರೆ ತಿಂಗಳಲ್ಲಿ ಕೈಗೆ ಬರುತ್ತೆ, ಒಂದು ಮೇಲಿನ ಬೆಳೆ ಒಂದು ನೆಲದೊಳಗಿನ ಬೆಳೆ. ಒಂದೇ ಪ್ಯಾಕೆಟ್ ಬೀಜ, ಒಂದೇ ಅಳತೆ ಮಡಿ, ಅಷ್ಟೇ ಗೊಬ್ಬರ. ಶುಕ್ಲ ಪಕ್ಷದಲ್ಲಿ ಎರಡೂ ಬಿತ್ತಿ, ಕೃಷ್ಣ ಪಕ್ಷದಲ್ಲಿ ಎರಡೂ ಬಿತ್ತಿ, ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಹೀಗೆ ಪಕ್ಷಕ್ಕೊಂದರಂತೆ ಒಟ್ಟು ಆರು ಸಲ. ಪ್ರತಿ ಸಲ ನೂರು ಬೀಜದಲ್ಲಿ ಎಷ್ಟು ಎದ್ದಿತು, ಕಿತ್ತಾಗ ತೂಕ ಎಷ್ಟು, ಬರೆದಿಡಿ. ತೂಕ ಮಾಡೋರಿಗೆ ಯಾವ ಮಡಿ ಯಾವ ಪಕ್ಷದ್ದು ಅಂತ ಹೇಳ್ಬೇಡಿ, ಅದು ಮುಖ್ಯ. ನಾನು ಮೂಲಂಗಿಯಲ್ಲಿ ಎರಡು ಚಳಿಗಾಲ ಮಾಡಿದೀನಿ, ನೀರು ತಪ್ಪಿದ ಮಡಿಗೂ ತಪ್ಪದ ಮಡಿಗೂ ಕಂಡ ವ್ಯತ್ಯಾಸ ಪಕ್ಷಕ್ಕೆ ಪಕ್ಷಕ್ಕೆ ಕಾಣಲಿಲ್ಲ.

ಬೀಜದ ಬಗ್ಗೆ ಒಂದು ಮಾತು. ನಿಮ್ಮ ಬೀಜ ಎಲ್ಲಿಂದ ತಂದಿದ್ದು ಅಂತ ಬರೆದಿಲ್ಲ. ಹಳೇ ಬೀಜ ಆಗಿದ್ರೆ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿ, ಏಳಕ್ಕಿಂತ ಕಡಿಮೆ ಮೊಳಕೆ ಬಂದ್ರೆ ಬೇರೆ ಹುಡುಕಿ. ಮಳೆಗೆ ತಡೆಯೋ ಊರ ತಳಿ ಬೇಕಂದ್ರೆ ಸಿರ್ಸಿಯಲ್ಲಿ ವನಸ್ತ್ರೀ ಅಂತ ಹೆಣ್ಣುಮಕ್ಕಳ ಬೀಜ ಸಂಗ್ರಹದ ಬಳಗ ಇದೆ, ಅವರ ಮಲೆನಾಡು ಮೇಳಕ್ಕೆ ಹೋಗಿ ಬನ್ನಿ, ಅತ್ತೆಯನ್ನೂ ಕರ್ಕೊಂಡು ಹೋಗಿ, ಅಲ್ಲಿ ಬರೋ ಅಜ್ಜಿಯರ ಹತ್ರ ಅವರು ಮಾತಾಡ್ಬೇಕು.

ಕೊನೆಗೆ ಬಿದಿರು. ಅಮಾವಾಸ್ಯೆ ಬಿದಿರಿಗೆ ಹುಳ ಬೀಳಲ್ಲ ಅನ್ನೋದು ಘಟ್ಟದ ಮೇಲೂ ಇದೆ. ಬಿದಿರಿಗೆ ಕುಟ್ಟೆ ಹುಳ ಬೀಳೋದು ಅದರೊಳಗಿನ ಪಿಷ್ಟಕ್ಕೆ, ಆ ಪಿಷ್ಟ ಋತುವಿನ ಜೊತೆ ಏರಿಳಿಯುತ್ತೆ, ಬೇಸಿಗೆ ಹತ್ರ ಬಂದಾಗ ಜಾಸ್ತಿ, ಚಳಿಗಾಲದಲ್ಲಿ ಕಡಿಮೆ. ಹಾಗಾಗಿ ಮಳೆ ಮುಗಿದ ಮೇಲೆ, ಸಂಕ್ರಾಂತಿ ಒಳಗೆ ಕಡೀರಿ, ಮೂರು ವರ್ಷ ದಾಟಿದ ಗಳ ನೋಡಿ, ತಟ್ಟಿದ್ರೆ ಗಟ್ಟಿ ಸದ್ದು ಬರಬೇಕು, ಹೊರಗೆ ಬಿಳಿ ಪುಡಿ ಹೋಗಿ ಕಲೆ ಬಿದ್ದಿರಬೇಕು. ಎಳೇ ಬಿದಿರು ಅಮಾವಾಸ್ಯೆಗೆ ಕಡಿದ್ರೂ ಹುಳ ಬೀಳುತ್ತೆ. ಕಡಿದ ಮೇಲೆ ಒಂದು ತಿಂಗಳು ನೀರಲ್ಲಿ ಮುಳುಗಿಸಿಡಿ, ಮೇಲೆ ಕಲ್ಲು ಹೇರಿ, ಪಿಷ್ಟ ಕರಗಿ ಹೋಗುತ್ತೆ, ನೀರು ಕೆಟ್ಟ ವಾಸನೆ ಬರುತ್ತೆ, ಹೆದರ್ಬೇಡಿ. ತೆಗೆದು ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಮಣ್ಣಿಗೆ ಹೋಗೋ ಬುಡಕ್ಕೆ ಒಂದೂವರೆ ಅಡಿ ಡಾಂಬರು ಬಳಿದು ಹೂಳಿ, ಚಪ್ಪರ ಮೂರು ಮಳೆಗಾಲ ನಿಲ್ಲುತ್ತೆ.